ಓಟದ ಹಣ, ದಾನದ ಹಣ



ಉಚಿತ ಪ್ರಸಾದನಿಲಯವೊಂದರಲ್ಲಿದ್ದು ನನ್ನ ಬಳಿ ಓದಿ, ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ ಹಳೆಯ ಶಿಷ್ಯನೊಬ್ಬನಿಂದ ಕೆಲವು ತಿಂಗಳುಗಳ ಹಿಂದೆ ಒಂದು ಸಂದೇಶ ಬಂದಿತು. "ಗುರುಗಳೇ, ಶರಣು ಶರಣಾರ್ಥಿ. ಬರುವ ತಿಂಗಳು ಹತ್ತು ಕಿಲೋಮೀಟರು ಓಡುವವನಿದ್ದೇನೆ. ಒಂದು ಸೇವಾಸಂಸ್ಥೆಗಾಗಿ ಓಡುತ್ತಿದ್ದೇನೆ. ತಮ್ಮ ಕೈಯಿಂದಲೂ ಏನಾದರೂ ಸಲ್ಲಬೇಕು" ಎಂದು ಬರೆದಿದ್ದನು. ಹುಡುಗನ ಮುಖ ಕಣ್ಣ ಮುಂದೆ ಬಂದಿತು. ಮೊಮ್ಮಗಳ ಸಹಾಯದಿಂದ ಅಂದೇ ಎರಡು ಸಾವಿರ ರೂಪಾಯಿಗಳನ್ನು ಕಳುಹಿಸಿ ಸಮಾಧಾನಪಟ್ಟೆನು. ಮೂರು ದಿನಗಳ ತರುವಾಯ ನೆರೆಮನೆಯ ಹಿರಿಯರೊಬ್ಬರು, "ಅದು ಯಾವ ಸಂಸ್ಥೆ? ಏನು ಕೆಲಸ ಮಾಡುತ್ತದೆ?" ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಹಣ ಕೊಟ್ಟಿದ್ದೆ, ಯಾರಿಗೆ ಕೊಟ್ಟೆನೆಂಬುದನ್ನು ವಿಚಾರಿಸಿರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಬರೆಯುವ ಪ್ರಮೇಯವಿರುತ್ತಿರಲಿಲ್ಲ. ಈಚೆಗೆ ನಮ್ಮ ಹಳೆಯ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ವಿದ್ಯಾರ್ಥಿನಿಲಯದ ಜೀರ್ಣೋದ್ಧಾರಕ್ಕೆ ಹಣ ಕೂಡಿಸುವ ಮಾತು ಬಂದಾಗ, ಕಿರಿಯರು ಹಲವರು "ಒಂದು ಓಟವನ್ನೇ ಏರ್ಪಡಿಸೋಣ" ಎಂದರು. ಹಿರಿಯರು ಕೆಲವರು ನಕ್ಕರು. ನಕ್ಕವರಲ್ಲಿ ನಾನೂ ಒಬ್ಬ. ಮನೆಗೆ ಬಂದು ಯೋಚಿಸಿದಾಗ ನಕ್ಕದ್ದು ಸರಿಯಲ್ಲವೆನಿಸಿತು, ಒಪ್ಪಿಬಿಡುವುದೂ ಸರಿಯಲ್ಲವೆನಿಸಿತು. ಆ ಸಭೆ ಮತ್ತೆ ಸೇರಲಿದೆ. ಅದಕ್ಕೆ ಮೊದಲು ವಿಷಯವನ್ನು ತಮ್ಮ ಮುಂದೆ ಬಿಡಿಸಿಡುವುದು ಯುಕ್ತವೆಂದು ಭಾವಿಸಿದ್ದೇನೆ.

ಪದ್ಧತಿಯೇನೋ ಸರಳವಾದುದೇ. ಒಬ್ಬನು ಓಡುವೆನೆಂದೋ ಈಜುವೆನೆಂದೋ ಸೈಕಲ್ ತುಳಿಯುವೆನೆಂದೋ ಸಂಕಲ್ಪಿಸುತ್ತಾನೆ. ಬಂಧುಮಿತ್ರರ ಮುಂದೆ ಅದನ್ನು ಹೇಳಿಕೊಂಡು, ತನ್ನ ಶ್ರಮವನ್ನು ಮೆಚ್ಚಿ ಇಂಥ ಸಂಸ್ಥೆಗೆ ಹಣ ಕೊಡಿರೆಂದು ಬೇಡುತ್ತಾನೆ. ಅಮೆರಿಕದ ಟಕೋಮಾ ನಗರದಲ್ಲಿ ಗಾರ್ಡಿ ಕ್ಲಾಟ್ ಎಂಬ ಶಸ್ತ್ರವೈದ್ಯರು 1985ರಲ್ಲಿ 24 ಗಂಟೆಗಳ ಕಾಲ ಓಟದ ಪಥವನ್ನು ಸುತ್ತಿ, ಕ್ಯಾನ್ಸರ್ ಸಂಘಕ್ಕೆ 27,000 ಡಾಲರುಗಳನ್ನು ಕೂಡಿಸಿದರು; ಇಪ್ಪತ್ತೈದು ಡಾಲರು ಕೊಟ್ಟ ಮಿತ್ರರು ಅರ್ಧ ಗಂಟೆ ಅವರ ಜೊತೆಯಲ್ಲಿ ಹೆಜ್ಜೆ ಹಾಕಬಹುದಾಗಿತ್ತು. ಆ ಕಾಲದ ಸಣ್ಣ ಪ್ರಯತ್ನಗಳು ಇಂದು ಎಲ್ಲಿಗೆ ಮುಟ್ಟಿವೆಯೆಂಬುದಕ್ಕೆ ಲಂಡನ್ ಮ್ಯಾರಥಾನ್ ಸಾಕ್ಷಿ. 1981ರ ಮಾರ್ಚ್ 29ರಂದು ಅದು ಮೊದಲ ಬಾರಿ ನಡೆದಾಗ ಗುರಿ ಮುಟ್ಟಿದವರು ಆರು ಸಾವಿರ ಚಿಲ್ಲರೆ ಮಂದಿ. ಅಂದು ಮುಂದಿದ್ದ ಇಬ್ಬರು ಓಟಗಾರರು, ಒಬ್ಬ ಅಮೆರಿಕದವನು, ಒಬ್ಬ ನಾರ್ವೆಯವನು, ಪರಸ್ಪರ ಕೈಹಿಡಿದುಕೊಂಡೇ ಗೆರೆ ದಾಟಿದರು. 2025ರಲ್ಲಿ ಗುರಿ ಮುಟ್ಟಿದವರು 56 ಸಾವಿರಕ್ಕೂ ಮಿಕ್ಕಿ. ಆ ಒಂದು ದಿನದ ಓಟದ ನೆಪದಲ್ಲಿ ಸೇವಾಸಂಸ್ಥೆಗಳಿಗೆ ಸಂದದ್ದು 8 ಕೋಟಿ 73 ಲಕ್ಷ ಪೌಂಡು. ನಮ್ಮ ದೇಶದಲ್ಲಿ ಮುಂಬಯಿ ಮ್ಯಾರಥಾನ್ 2004ರಲ್ಲಿಯೂ, ಬೆಂಗಳೂರಿನ ಹತ್ತು ಕಿಲೋಮೀಟರುಗಳ ಓಟ 2008ರಲ್ಲಿಯೂ ಪ್ರಾರಂಭವಾದವು. ಮುಂಬಯಿಯ ಓಟದಿಂದ 2024ರಲ್ಲಿ ಸೇವಾಸಂಸ್ಥೆಗಳಿಗೆ ಸಂಗ್ರಹವಾದದ್ದು 70 ಕೋಟಿ ರೂಪಾಯಿಗಳಿಗೂ ಹೆಚ್ಚು. ನಗುವ ಮೊದಲು ಈ ಮೊತ್ತಗಳನ್ನು ನಾವು ಹಿರಿಯರು ನೋಡಬೇಕಾಗಿತ್ತು.

ನಮ್ಮಲ್ಲಿ ಎಲ್ಲರೂ ಎತ್ತುವ ಮೊದಲ ಆಕ್ಷೇಪಣೆ ಇದು: ಸಹಾಯ ಮಾಡುವ ಮನಸ್ಸಿದ್ದರೆ ಹಣವನ್ನು ನೇರವಾಗಿ ಕೊಡಬಾರದೇಕೆ? ಓಡುವುದಕ್ಕೂ ರೋಗಿಯ ಔಷಧಕ್ಕೂ ಏನು ಸಂಬಂಧ? ತರ್ಕಕ್ಕೆ ಇದು ಸರಿ. ಆದರೆ ಮನುಷ್ಯನ ಹೃದಯ ತರ್ಕದಂತೆ ನಡೆಯುವುದಿಲ್ಲ. ಕ್ರಿಸ್ಟೊಫರ್ ಒಲಿವೋಲಾ ಮತ್ತು ಎಲ್ದಾರ್ ಶಫೀರ್ ಎಂಬ ಇಬ್ಬರು ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದೇ ಸತ್ಕಾರ್ಯಕ್ಕೆ ವನಭೋಜನದ ಮೂಲಕ ಹಣ ಕೇಳಿದಾಗ ಕೊಡುವುದಕ್ಕಿಂತ, ಐದು ಮೈಲಿ ಓಡಬೇಕೆಂದಾಗ ಜನರು ಹೆಚ್ಚು ಕೊಡಲು ಸಿದ್ಧರಾಗುತ್ತಾರೆಂಬುದನ್ನು ತೋರಿಸಿದರು. ಕಷ್ಟಪಟ್ಟು ಮಾಡಿದ್ದಕ್ಕೆ ಅರ್ಥ ಹೆಚ್ಚೆಂದು ಮನಸ್ಸು ಎಣಿಸುತ್ತದೆಯಂತೆ. ಇದನ್ನು ತಿಳಿಯಲು ನಮಗೆ ಸಂಶೋಧನೆ ಬೇಕಾಗಿರಲಿಲ್ಲ. ಬರಿಗಾಲಿನಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಮಜ್ಜಿಗೆ ಕೊಡುವವರು, ಬಸ್ಸಿನಲ್ಲಿ ಹೋಗುವವರಿಗಾಗಿ ಪಾತ್ರೆ ಹಿಡಿದು ನಿಲ್ಲುವುದಿಲ್ಲ. ನಡೆಯುವವನ ಕಾಲಿನ ಬೊಕ್ಕೆ ನೋಡುವವನ ಮನಸ್ಸನ್ನು ಕರಗಿಸುತ್ತದೆ. ಆದುದರಿಂದ ಈ ಮೊದಲನೆಯ ಆಕ್ಷೇಪಣೆಯನ್ನು ನಾನು ಬಿಟ್ಟುಕೊಡುತ್ತೇನೆ.

ಈ ಕರಗುವಿಕೆಯ ಅತ್ಯುನ್ನತ ನಿದರ್ಶನವೆಂದರೆ ಕೆನಡಾ ದೇಶದ ಟೆರ್ರಿ ಫಾಕ್ಸ್. ಈತನ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1958ರಲ್ಲಿ ಹುಟ್ಟಿದ ಈ ತರುಣನಿಗೆ 1977ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಮೂಳೆಯ ಕ್ಯಾನ್ಸರ್ ತಗುಲಿ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ತನ್ನ ಸುತ್ತ ಮಲಗಿದ್ದ ಎಳೆಯ ರೋಗಿಗಳನ್ನು ಕಂಡು, ಈ ರೋಗದ ಸಂಶೋಧನೆಗಾಗಿ ದೇಶದ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಓಡುವೆನೆಂದು ನಿಶ್ಚಯಿಸಿದನು. 1980ರ ಏಪ್ರಿಲ್ 12ರಂದು ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿನಲ್ಲಿ ಅದ್ದಿ ಹೊರಟನು. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು, ಅಂದರೆ 42 ಕಿಲೋಮೀಟರು. ಆರಂಭದ ದಿನಗಳಲ್ಲಿ ಗಮನಿಸಿದವರು ಕಡಿಮೆ. ಆದರೆ ಪೋರ್ಟ್ ಓ ಬಾಸ್ಕ್ ಎಂಬ ಸುಮಾರು ಹತ್ತು ಸಾವಿರ ಜನಸಂಖ್ಯೆಯ ಪಟ್ಟಣದವರು ಹತ್ತು ಸಾವಿರ ಡಾಲರುಗಳನ್ನು ಕೂಡಿಸಿ ಅವನ ಕೈಯಲ್ಲಿಟ್ಟರು. ತಲೆಗೊಂದು ಡಾಲರು! ದೇಶದ ಪ್ರತಿಯೊಬ್ಬ ಪ್ರಜೆಯಿಂದಲೂ ಒಂದೊಂದು ಡಾಲರು ಎಂಬುದು ಅವನ ಗುರಿಯಾಯಿತು.

143 ದಿನಗಳು, 5,373 ಕಿಲೋಮೀಟರುಗಳು. ಸೆಪ್ಟೆಂಬರ್ 1ರಂದು ಥಂಡರ್ ಬೇ ನಗರದ ಹೊರವಲಯದಲ್ಲಿ ಎದೆನೋವು ತಡೆಯಲಾರದೆ ನಿಂತನು. ಕ್ಯಾನ್ಸರ್ ಶ್ವಾಸಕೋಶಗಳಿಗೆ ಹರಡಿತ್ತು. 1981ರ ಫೆಬ್ರವರಿಯ ವೇಳೆಗೆ ಸಂಗ್ರಹವಾದ ಮೊತ್ತ 2 ಕೋಟಿ 41 ಲಕ್ಷ ಡಾಲರುಗಳನ್ನು ದಾಟಿತು. ಅಂದಿನ ಕೆನಡಾದ ಜನಸಂಖ್ಯೆ ಸುಮಾರಾಗಿ ಅಷ್ಟೇ. ಜೂನ್ 28ರಂದು, ಇಪ್ಪತ್ಮೂರು ತುಂಬುವ ಒಂದು ತಿಂಗಳ ಮೊದಲು, ಅವನು ತೀರಿಕೊಂಡನು.

ಈ ಕಥೆಯನ್ನು ಓದಿ ಕಣ್ಣೀರಿಡುವುದು ಸುಲಭ. ನಾನು ತಮ್ಮ ಗಮನಕ್ಕೆ ತರಬಯಸುವುದು ಬೇರೊಂದು ಅಂಶವನ್ನು. ವಾಹನ, ಇಂಧನ, ಪಾದರಕ್ಷೆಗಳನ್ನು ಕಂಪನಿಗಳಿಂದ ಅವನು ಸ್ವೀಕರಿಸಿದನು, ನಿಜ. ಆದರೆ ತಮ್ಮ ವಸ್ತುವನ್ನು ಹೊಗಳಬೇಕೆಂದು ಕೇಳಿದ ಕಂಪನಿಗಳನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿದನು. ಅವನ ಹೆಸರಿನಲ್ಲಿ 1981ರ ಸೆಪ್ಟೆಂಬರಿನಿಂದ ಪ್ರತಿವರ್ಷ ನಡೆದುಬಂದಿರುವ ಓಟದಲ್ಲಿ ಸ್ಪರ್ಧೆಯಿಲ್ಲ, ಮೊದಲಿಗ, ಎರಡನೆಯವನು ಎಂಬುದಿಲ್ಲ, ಕಂಪನಿಗಳ ಪ್ರಾಯೋಜಕತ್ವವಿಲ್ಲ. ಇಷ್ಟೆಲ್ಲ ಇಲ್ಲಗಳಿದ್ದರೂ ಅದು ಇದುವರೆಗೆ 85 ಕೋಟಿ ಡಾಲರುಗಳಿಗೂ ಮಿಕ್ಕಿ ಕೂಡಿಸಿದೆ. ಆಡಂಬರವಿಲ್ಲದಿದ್ದರೆ ಜನ ಬರುವುದಿಲ್ಲವೆಂದು ವಾದಿಸುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಇನ್ನು ನಾಣ್ಯದ ಇನ್ನೊಂದು ಮುಖ. ಬ್ರಿಟನ್ನಿನಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿ ಹಣ ಕೂಡಿಸುವ ರೂಢಿಯೊಂದುಂಟು. ಹಿಂದೆಂದೂ ಧುಮುಕದವರು ಸಲ್ಪ ತರಬೇತಿ ಪಡೆದು ಧುಮುಕುತ್ತಾರೆ. ಸ್ಕಾಟ್ಲೆಂಡಿನ ಟೇಸೈಡ್ ಪ್ರಾಂತದ ವೈದ್ಯರು ತಮ್ಮ ಆಸ್ಪತ್ರೆಗೆ ಕಾಲು ಮುರಿದುಕೊಂಡು ಬರುತ್ತಿದ್ದ ಇಂಥವರನ್ನು ನೋಡಿ ನೋಡಿ, ಐದು ವರ್ಷಗಳ ಲೆಕ್ಕ ತೆಗೆದು 1999ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದಾನಕ್ಕಾಗಿ ಧುಮುಕಿದವರಲ್ಲಿ ನೂರಕ್ಕೆ 11 ಮಂದಿ ಗಾಯಗೊಂಡಿದ್ದರು. ಗಾಯಾಳು ಒಬ್ಬರ ಚಿಕಿತ್ಸೆಗೆ ಸರಾಸರಿ 3,751 ಪೌಂಡು ವೆಚ್ಚ. ಧುಮುಕಿದವನೊಬ್ಬನಿಂದ ಸಂಸ್ಥೆಗೆ ಸಂದದ್ದು 30 ಪೌಂಡು. ತಾವೇ ಗುಣಿಸಿ ನೋಡಿ: ನೂರು ಮಂದಿ ಧುಮುಕಿದರೆ ದಾನ 3,000 ಪೌಂಡು, ಮೂಳೆ ಕೂಡಿಸಿದ ಖರ್ಚು 41,261 ಪೌಂಡು. ಒಂದು ಪೌಂಡು ದಾನಕ್ಕೆ ಸರ್ಕಾರಿ ಆಸ್ಪತ್ರೆಯ ಬೊಕ್ಕಸದಿಂದ ಹದಿಮೂರು ಮುಕ್ಕಾಲು ಪೌಂಡು ನಷ್ಟ! ಆ ಆಸ್ಪತ್ರೆಗಳಾದರೋ ಪ್ರಜೆಗಳ ತೆರಿಗೆಯಿಂದ ನಡೆಯುವಂಥವು. ದಾನಿಗಳ ಒಂದು ಜೇಬಿನಿಂದ ಕೊಡಿಸಿ, ಅದರ ಹಲವು ಪಾಲನ್ನು ಇನ್ನೊಂದು ಜೇಬಿನಿಂದ ಎತ್ತಿದಂತಾಯಿತು. ಧುಮುಕಿದವರಲ್ಲಿ ದುರುದ್ದೇಶವಿದ್ದವರು ಯಾರೂ ಇರಲಿಲ್ಲ. ಲೆಕ್ಕ ಮಾತ್ರ ಯಾರೂ ಹಾಕಿರಲಿಲ್ಲ.

ಓಟದಲ್ಲಿ ಅಷ್ಟು ಕಾಲುಗಳು ಮುರಿಯುವುದಿಲ್ಲವೆಂಬುದು ನಿಜ. ಆದರೆ ಲೆಕ್ಕ ಹಾಕುವ ಪ್ರಶ್ನೆ ಅಲ್ಲಿಯೂ ಇದ್ದೇ ಇದೆ. ದೊಡ್ಡ ಓಟಗಳಲ್ಲಿ ಪ್ರವೇಶಶುಲ್ಕ ಬೇರೆ, ದಾನದ ಹಣ ಬೇರೆ. ಲಂಡನ್ನಿನಲ್ಲಿ ಸ್ಥಾನಗಳಿಗಿಂತ ಆಕಾಂಕ್ಷಿಗಳು ಬಹುಪಾಲು ಹೆಚ್ಚು. 2026ರ ಓಟಕ್ಕೆ ಚೀಟಿ ಹಾಕಿದವರು 11 ಲಕ್ಷಕ್ಕೂ ಮಿಕ್ಕಿ. ಆದುದರಿಂದ ಸೇವಾಸಂಸ್ಥೆಗಳು ತಾವೇ ಹಣ ತೆತ್ತು ಕೆಲವು ಸ್ಥಾನಗಳನ್ನು ಕೊಳ್ಳುತ್ತವೆ. ಅವುಗಳನ್ನು ಇಂತಿಷ್ಟು ಹಣ ಕೂಡಿಸಿಕೊಡುವೆನೆಂದು ಒಪ್ಪಿಕೊಂಡವರಿಗೆ ಕೊಡುತ್ತವೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲವೂ ಬಹಿರಂಗ. ಆದರೆ ಸ್ಥಾನ ಕೊಳ್ಳಲು ಕೈಯಲ್ಲಿ ಹಣವಿಲ್ಲದ ಸಣ್ಣ ಸಂಸ್ಥೆಯ ಗತಿಯೇನು? ಪರ್ವತಾರೋಹಣದ ಹೆಸರಿನಲ್ಲಿ ಕೂಡಿಸಿದ ದಾನದಿಂದಲೇ ಆರೋಹಿಯ ಪ್ರಯಾಣದ ಖರ್ಚನ್ನು ಕಳೆಯುವ ಏರ್ಪಾಡುಗಳೂ ಉಂಟು. ಅದನ್ನು ದಾನವೆನ್ನುವುದಕ್ಕಿಂತ ಬಂಧುಮಿತ್ರರ ಖರ್ಚಿನಲ್ಲಿ ಕೈಗೊಂಡ ಪ್ರವಾಸವೆನ್ನುವುದು ಹೆಚ್ಚು ಸರಿ.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದಲ್ಲ. ಈ ಪದ್ಧತಿಯಲ್ಲಿ ಹಣವು ಯಾವ ಕಾಲುವೆಯಲ್ಲಿ ಹರಿಯುತ್ತದೆಂಬುದನ್ನು ಗಮನಿಸಿ. ಎಲ್ಲಿ ಬಾಯಾರಿಕೆಯಿದೆಯೋ ಅಲ್ಲಿಗೆ ಹರಿಯುವುದಿಲ್ಲ. ಓಡುವವನ ಸ್ನೇಹಿತರು ಎಲ್ಲಿದ್ದಾರೋ ಅಲ್ಲಿಂದ, ಓಡುವವನು ತೋರಿಸಿದ ಕಡೆಗೆ ಹರಿಯುತ್ತದೆ. ಬೆಂಗಳೂರಿನ ದೊಡ್ಡ ಕಂಪನಿಯ ಅಧಿಕಾರಿಯೊಬ್ಬನು ಓಡಿದರೆ ಅವನ ಕೈಕೆಳಗಿನವರೂ ಸಹೋದ್ಯೋಗಿಗಳೂ ವಾರದೊಳಗೆ ಲಕ್ಷ ರೂಪಾಯಿ ಕೊಟ್ಟಾರು. ಹಳ್ಳಿಯ ಶಾಲೆಯೊಂದರ ಜವಾನನು ಅದೇ ದೂರವನ್ನು ಅದಕ್ಕಿಂತ ವೇಗವಾಗಿ ಓಡಿದರೂ ಐದು ನೂರು ಕೂಡುವುದು ಕಷ್ಟ. ಶ್ರಮ ಒಂದೇ, ಬೆಲೆ ಬೇರೆ ಬೇರೆ. ಮಕ್ಕಳ ಕ್ಯಾನ್ಸರಿಗಾಗಿ ಓಡುವವರು ನೂರಾರು ಮಂದಿ ಸಿಗುತ್ತಾರೆ, ಸಿಗಲೇಬೇಕು. ಆದರೆ ಮನೆಯವರೇ ಕೈಬಿಟ್ಟ ಮಾನಸಿಕ ರೋಗಿಗಳ ಚಿತ್ರವನ್ನು ಎದೆಯ ಮೇಲೆ ಹಾಕಿಕೊಂಡು ಓಡುವವರು ಎಷ್ಟು ಮಂದಿ? ಕೇಳಿದೊಡನೆ ಮನ ಕರಗಿಸುವ ಕಷ್ಟಕ್ಕೆ ಓಟಗಾರರುಂಟು. ಮುಖ ತಿರುಗಿಸುವಂತೆ ಮಾಡುವ ಕಷ್ಟಕ್ಕೆ ಬಹಳ ಮಂದಿ ಇಲ್ಲ.

ಇಲ್ಲಿ ನಮ್ಮ ಜೋಳಿಗೆಯ ನೆನಪಾಗದಿರದು. ಪ್ರಸಾದನಿಲಯಗಳನ್ನು ಕಟ್ಟಿದ ಪೂಜ್ಯರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ನಡೆದುದನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರೂ ನಡೆದರು, ಇವರೂ ಓಡುತ್ತಾರೆ, ಭೇದವೇನು? ಅವರ ನಡಿಗೆ ದಾನಿಯ ಹೊಸ್ತಿಲಿಗೆ ತಲುಪುವುದಕ್ಕಾಗಿ. ಹಿಡಿ ಜೋಳ ಕೊಟ್ಟ ಮುದುಕಿಗೂ, ಚೀಲ ರಾಗಿ ಕೊಟ್ಟ ಗೌಡನಿಗೂ, ಆ ಕಾಳು ಯಾವ ಮಕ್ಕಳ ತಟ್ಟೆಗೆ ಬೀಳುವುದೆಂಬುದು ಗೊತ್ತಿತ್ತು. ಬೇಕಾದರೆ ಬಂದು ನೋಡಬಹುದಿತ್ತು. ಬಡವರ ಮನೆಯನ್ನು ದಾಟಿ ಸಾಹುಕಾರನ ಮನೆಗೆ ಮಾತ್ರ ಹೋಗುವ ಜೋಳಿಗೆಯನ್ನು ನಾನು ಕಂಡಿಲ್ಲ. ಹಾಗೆಂದು ನಮ್ಮನ್ನೇ ನಾವು ಬಹಳ ಹೊಗಳಿಕೊಳ್ಳುವಂತಿಲ್ಲ. ಓಟಗಾರರು ಪದಕವನ್ನೂ ಬಣ್ಣದ ಅಂಗಿಯನ್ನೂ ಧರಿಸಿ ಭಾವಚಿತ್ರ ತೆಗೆಸಿಕೊಳ್ಳುತ್ತಾರೆಂದು ಮೂದಲಿಸುವವರು, ನಮ್ಮ ಛತ್ರಗಳ ಕೋಣೆಕೋಣೆಯ ಬಾಗಿಲ ಮೇಲೂ, ಗಡಿಯಾರದ ಮೇಲೂ, ಪಂಖದ ರೆಕ್ಕೆಯ ಮೇಲೂ ಬರೆಯಿಸಿರುವ ದಾನಿಗಳ ನಾಮಧೇಯಗಳನ್ನು ಒಮ್ಮೆ ಓದಿಕೊಂಡು ಬರಲಿ. ಓಟಗಾರನು ಪದಕಕ್ಕಾಗಿ ಬೆವರನ್ನಾದರೂ ಸುರಿಸಿದ್ದಾನೆ.

ಹೆಸರಿನ ವಿಚಾರ ಬಂದುದರಿಂದ ಇನ್ನೊಂದು ಪ್ರಸಂಗವನ್ನು ಹೇಳಬೇಕು. 2020ರ ಏಪ್ರಿಲಿನಲ್ಲಿ, ಮಹಾಮಾರಿಯ ದಿನಗಳಲ್ಲಿ, ಇಂಗ್ಲೆಂಡಿನ ಟಾಮ್ ಮೂರ್ ಎಂಬ ವೃದ್ಧ ಯೋಧರು, ಎರಡನೆಯ ಮಹಾಯುದ್ಧದಲ್ಲಿ ನಮ್ಮ ಭಾರತದಲ್ಲಿಯೂ ಬರ್ಮಾದಲ್ಲಿಯೂ ಸೇವೆ ಸಲ್ಲಿಸಿದವರು, ನೂರು ವರ್ಷ ತುಂಬುವುದರೊಳಗೆ ತಮ್ಮ ಮನೆಯ ಅಂಗಳವನ್ನು ಊರುಗೋಲಿನ ಗಾಡಿ ಹಿಡಿದು ನೂರು ಬಾರಿ ನಡೆಯುವೆನೆಂದರು. ಒಂದು ಸಾವಿರ ಪೌಂಡು ಕೂಡಿಸುವ ಆಸೆ ಅವರದು. ಕೂಡಿದ್ದು 3 ಕೋಟಿ 20 ಲಕ್ಷಕ್ಕೂ ಹೆಚ್ಚು. ಆ ಹಣವೆಲ್ಲ ಸರ್ಕಾರಿ ಆಸ್ಪತ್ರೆಗಳಿಗೆ ನೆರವಾಗುವ ದತ್ತಿಗಳಿಗೆ ಸಂದಿತು; ಅದರ ಬಗ್ಗೆ ಯಾವ ಆಕ್ಷೇಪವೂ ಬರಲಿಲ್ಲ. ಅನಂತರ ಅವರ ಹೆಸರಿನಲ್ಲಿ ಬೇರೊಂದು ಪ್ರತಿಷ್ಠಾನ ಹುಟ್ಟಿತು. 2021ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಬ್ರಿಟನ್ನಿನ ದತ್ತಿ ಆಯೋಗ ವಿಚಾರಣೆ ನಡೆಸಿ 2024ರ ನವೆಂಬರಿನಲ್ಲಿ ಕೊಟ್ಟ ವರದಿಯಲ್ಲಿ, ಆ ಪ್ರತಿಷ್ಠಾನದ ನಡೆವಳಿಕೆಯಲ್ಲಿ ಅವರ ಮಗಳು ಅಳಿಯಂದಿರು ದುರ್ನಡತೆ ತೋರಿ ಸ್ವಂತ ಲಾಭ ಪಡೆದರೆಂದು ನಿರ್ಣಯಿಸಿತು. ವೃದ್ಧರ ಪುಸ್ತಕಗಳಿಗಾಗಿ ಸುಮಾರು 15 ಲಕ್ಷ ಪೌಂಡು ಮುಂಗಡ ಬಂದಿತ್ತು, ಅದರಲ್ಲಿ ಒಂದು ಪಾಲು ಪ್ರತಿಷ್ಠಾನಕ್ಕೆ ಸಲ್ಲುವುದೆಂದು ಜನ ನಂಬಿದ್ದರು, ಸಲ್ಲಲಿಲ್ಲ. ವೃದ್ಧರ ನಡಿಗೆಯಲ್ಲಿ ಕಲ್ಮಷವಿರಲಿಲ್ಲ. ಜನರು ಕೊಟ್ಟದ್ದು ಒಂದು ಮುಖವನ್ನು ನೋಡಿ. ಮುಖ ಮರೆಯಾದ ಮೇಲೂ ಹೆಸರು ಉಳಿಯುತ್ತದೆ, ಹೆಸರಿಗೆ ಜನ ಕೊಡುತ್ತಲೇ ಇರುತ್ತಾರೆ. ನಾನು ಎರಡು ಸಾವಿರ ಕೊಟ್ಟದ್ದೂ ಹೀಗೆಯೇ ಅಲ್ಲವೇ?

ಕೊನೆಗೆ ಆ ಶಿಷ್ಯನಿಗೇ ಬರೆದು ಕೇಳಿದೆನು. ಮುನಿಸಿಕೊಂಡಾನೆಂದು ಅಂಜಿದ್ದೆ. ಅವನು ಮುನಿಸಿಕೊಳ್ಳಲಿಲ್ಲ, ನಾಚಿಕೊಂಡನು. ನಾಲ್ಕು ತಿಂಗಳು ಬೆಳಗಿನ ಐದಕ್ಕೆ ಎದ್ದು ಅಭ್ಯಾಸ ಮಾಡಿದ್ದನಂತೆ, ಹನ್ನೊಂದು ಕಿಲೋಗ್ರಾಮು ತೂಕ ಇಳಿದಿತ್ತಂತೆ. ಆದರೆ ಸಂಸ್ಥೆಯ ಹೆಸರನ್ನು ತನ್ನ ಕಚೇರಿಯವರು ಕೊಟ್ಟ ಪಟ್ಟಿಯಿಂದ ಆರಿಸಿದ್ದನೇ ಹೊರತು ಅಲ್ಲಿಗೆ ಕಾಲಿಟ್ಟಿರಲಿಲ್ಲ. ನನ್ನ ಪತ್ರ ಮುಟ್ಟಿದ ಮೇಲಿನ ಭಾನುವಾರ ಅಲ್ಲಿಗೆ ಹೋದನು. ಕಿವುಡ ಮಕ್ಕಳ ಸಣ್ಣ ಶಾಲೆ ಅದು. ಎರಡು ಕೋಣೆ, ಮೂವರು ಶಿಕ್ಷಕಿಯರು. ಈಗ ತಿಂಗಳಿಗೊಮ್ಮೆ ಹೋಗಿ ಗಣಿತ ಹೇಳಿಕೊಡಲು ಕೈಸನ್ನೆಯ ಭಾಷೆಯನ್ನು ಕಲಿಯುತ್ತಿದ್ದಾನೆ. ಓಡದೆ ಇದ್ದಿದ್ದರೆ ಆ ಶಾಲೆಯ ಬಾಗಿಲು ಅವನಿಗೆ ತಿಳಿಯುತ್ತಿರಲಿಲ್ಲ ಎಂಬ ಮಾತನ್ನು ಓಟದ ಪರವಾಗಿ ನಾನು ಬರೆಯಲೇಬೇಕು, ಬರೆಯದಿದ್ದರೆ ಅಪ್ರಾಮಾಣಿಕನಾಗುತ್ತೇನೆ.

ಆದುದರಿಂದ ಬರುವ ಸಭೆಯಲ್ಲಿ ಓಟವನ್ನು ನಾನು ವಿರೋಧಿಸುವುದಿಲ್ಲ. ಆದರೆ ಕೆಲವನ್ನು ಕೇಳುವವನಿದ್ದೇನೆ. ಅಂಗಿ, ಪದಕ, ಧ್ವನಿವರ್ಧಕ, ಚಪ್ಪರಗಳ ಖರ್ಚನ್ನು ಯಾರು ಹೊರುವರು? ಅದನ್ನು ಮೊದಲೇ ಕಾಗದದ ಮೇಲೆ ಬರೆದಿಡಲಿ. ಓಟ ಮುಗಿದ ತಿಂಗಳೊಳಗೆ ಜಮಾಖರ್ಚನ್ನು ಈ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಲಿ. ಕಂಪನಿಯ ಹೆಸರು ವಿದ್ಯಾರ್ಥಿಗಳ ಎದೆಯ ಮೇಲೆ ಬೇಡ. ಶುಲ್ಕ ಕೊಡಲಾರದವನೂ ಓಡಲಿ. ಓಟ ನಗರದ ರಸ್ತೆಯಲ್ಲಿ ಬೇಡ, ವಿದ್ಯಾರ್ಥಿನಿಲಯದ ಅಂಗಳದಿಂದಲೇ ಹೊರಟು ಅಲ್ಲಿಗೇ ಬಂದು ಮುಗಿಯಲಿ. ಸೋರುವ ಮಾಡನ್ನೂ, ನಲವತ್ತು ಮಕ್ಕಳಿಗೆ ಇರುವ ಎರಡೇ ಸ್ನಾನದ ಕೋಣೆಗಳನ್ನೂ ಓಡಿ ಬಂದವರು ಕಣ್ಣಾರೆ ನೋಡಲಿ. ಮಕ್ಕಳ ಪಂಕ್ತಿಯಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸಲಿ.

ಕಿರಿಯರು ಇದಕ್ಕೆ ಒಪ್ಪಿದರೆ, ಎಪ್ಪತ್ತೆರಡರ ಈ ಮೊಣಕಾಲುಗಳಿಂದ ಓಡಲಾರೆನಾದರೂ, ಅಂಗಳದಿಂದ ಊರಬಾಗಿಲಿನ ಬೇವಿನ ಮರದವರೆಗೆ ಹೋಗಿ ಬರಲು ನಾನೂ ಹೆಸರು ಕೊಡುತ್ತೇನೆ. ರಸೀತಿ ಪುಸ್ತಕ ಅಚ್ಚಾಗಿ ಬರಲಿ. ತಮ್ಮ ಮನೆಗೂ ಬರುವವನಿದ್ದೇನೆ.